ಓವರ್‌ಡ್ರೈವ್ ಬೀಳದ ಲಾರಿ: ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ತಿಳಿಯಬೇಕಾದದ್ದು

ಮಾಲೂರು ತಾಲೂಕಿನ ಶಿವಾರಪಟ್ಟಣದ ಕಲ್ಲಿನ ಮೂರ್ತಿಗಳಾಗಲಿ, ಕೋಲಾರ ಎಪಿಎಂಸಿಯ ಟೊಮೆಟೊ ಆಗಲಿ, ಊರು ಬಿಡೋದು ಲಾರಿಯಲ್ಲೇ. ಕ್ಲಚ್ ಪೆಡಲ್ ಇಲ್ಲದ ಆಟೊಮ್ಯಾಟಿಕ್ ಲಾರಿಗಳೂ ಈಗ ರಸ್ತೆಯಲ್ಲಿವೆ. ಅವು ಕೆಟ್ಟರೆ ರಿಪೇರಿ ಯಾರ ಕೈಯಲ್ಲಿ?

ಓವರ್‌ಡ್ರೈವ್ ಅಂದರೇನು?

ಎಂಜಿನ್‌ಗಿಂತ ಪ್ರೊಪೆಲ್ಲರ್ ಶಾಫ್ಟ್ ವೇಗವಾಗಿ ತಿರುಗುವ ಮೇಲಿನ ಗೇರ್. ಅನುಪಾತ 0.8 ಇದ್ದರೆ ಎಂಜಿನ್ 1,600 ಸುತ್ತು ತಿರುಗುವಾಗ ಶಾಫ್ಟ್ 2,000 ಸುತ್ತು ತಿರುಗುತ್ತೆ. ಹೆದ್ದಾರಿಯಲ್ಲಿ ಡೀಸೆಲ್ ಉಳಿಯೋದು ಇದರಿಂದಲೇ.

ಯಾವುದು ದೋಷ ಅಲ್ಲ?

ಚಿತ್ತೂರಿನಿಂದ ಮುಳಬಾಗಿಲು ಕಡೆ ಬರುವಾಗ ಸಿಗುವ ಮೊಗಿಲಿ ಘಾಟಿಯ ಏರಿನಲ್ಲಿ, ತುಂಬಿದ ಲಾರಿ ಓವರ್‌ಡ್ರೈವ್‌ಗೆ ಹೋಗದಿದ್ದರೆ ಅದೇ ಸರಿ. ಸಮತಟ್ಟು ರಸ್ತೆಯಲ್ಲೂ ಬೀಳದಿದ್ದರೆ, ಅಥವಾ ಬಿದ್ದು ಬಿದ್ದು ಬಿಡುತ್ತಿದ್ದರೆ ಮಾತ್ರ ಹುಡುಕಬೇಕು.

ಪರೀಕ್ಷೆಯ ಕ್ರಮ

1. ಓವರ್‌ಡ್ರೈವ್ ಸ್ವಿಚ್ ಇದ್ದರೆ ಅದು ಆಫ್ ಆಗಿದೆಯಾ, ಮ್ಯಾನುವಲ್ ಮೋಡ್‌ನಲ್ಲಿದೆಯಾ ನೋಡಿ.
2. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಆಯಿಲ್ ಮಟ್ಟ, ಬಣ್ಣ ನೋಡಿ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಸವೆದಿರಬಹುದು.
3. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ ಇರೋದು ಎಎಂಟಿ: ಮಾಮೂಲಿ ಗೇರ್‌ಬಾಕ್ಸೇ, ಗೇರ್ ಹಾಕೋದು ಮಾತ್ರ ಕಂಪ್ಯೂಟರ್. ಗಾಳಿಯ ಒತ್ತಡದಿಂದ ಗೇರ್ ಬೀಳುವ ಲಾರಿಯಾದರೆ ಏರ್ ಲೀಕ್ ಇದೆಯಾ, ಟ್ಯಾಂಕಿನಲ್ಲಿ ನೀರು ನಿಂತಿದೆಯಾ ನೋಡಿ.
4. ಬ್ಯಾಟರಿ ವೋಲ್ಟೇಜ್, ಅರ್ಥ್ ವೈರ್, ಸ್ಪೀಡ್ ಸೆನ್ಸರ್‌ನ ಕನೆಕ್ಟರ್. ವೇಗ ಎಷ್ಟು ಅಂತ ಗೊತ್ತಾಗದ ಕಂಪ್ಯೂಟರ್ ಮೇಲಿನ ಗೇರ್ ಹಾಕೋದಿಲ್ಲ.
5. ಎಂಜಿನ್ ಬಿಸಿಯಾಗುತ್ತಿದೆಯಾ? ಥರ್ಮೋಸ್ಟಾಟ್ ತೆರೆದೇ ಉಳಿದರೆ ಕೆಲವು ಗಾಡಿಗಳು ಓವರ್‌ಡ್ರೈವ್ ತಡೆಹಿಡಿಯುತ್ತವೆ.
6. ಫಾಲ್ಟ್ ಕೋಡ್ ಓದಿಸಿ. ಗೇರ್‌ಬಾಕ್ಸ್ ಬಿಚ್ಚೋದು ಕೊನೆಯ ಮಾತು.

ತೊಡಕು ಆರನೆಯದರಲ್ಲಿ

ಮೊದಲ ಐದನ್ನು ಹೆದ್ದಾರಿ ಬದಿಯ ಮೆಕ್ಯಾನಿಕ್ ಮಾಡಬಲ್ಲರು. ಆದರೆ ಕಂಪನಿಯ ಸಾಫ್ಟ್‌ವೇರ್ ಇಲ್ಲದೆ ಎಲ್ಲ ಕೋಡ್‌ಗಳನ್ನೂ ಓದಲಾಗದು. ಬಿಡಿಭಾಗ ಹಾಕಿದರೂ ಕೆಲವು ಲಾರಿಗಳಲ್ಲಿ ಮತ್ತೆ ಕ್ಯಾಲಿಬ್ರೇಷನ್ ಬೇಕು. ಕೊಳೆಯುವ ಟೊಮೆಟೊ ಅಷ್ಟು ಹೊತ್ತು ಕಾಯೋದಿಲ್ಲ.

ಬಿಡಿಭಾಗ, ತಪಾಸಣಾ ಉಪಕರಣಗಳನ್ನು ಹೊರಗಿನ ಮೆಕ್ಯಾನಿಕ್‌ಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತ್ತು. ಕಂಪನಿಗಳು ಮೇಲ್ಮನವಿ ಹೋದವು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ವಾಹನಗಳೂ ಅದರಲ್ಲಿವೆ. ಆದರೆ ಪೋರ್ಟಲ್ ಅಂದರೆ ಕಾಯ್ದೆ ಅಲ್ಲ. ಸಾಲ ಮಾಡಿ ಕೊಂಡ ಲಾರಿಯ ಕೋಡ್ ಓದುವ ಹಕ್ಕು ಮಾಲೀಕರಿಗೂ ಅವರು ನಂಬಿದ ಮೆಕ್ಯಾನಿಕ್‌ಗೂ ಕಾನೂನಾಗಿಯೇ ಸಿಗಬೇಕು.