ಸಹಿ ಯಾರದ್ದು?

ಪಾಳ್ಯದ ಕಡೆಯಿಂದ ಮಾನಸಿಕ ಕಾಯಿಲೆಯವರನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದಾಗ ಔಷಧಿ ಚೀಟಿಯಲ್ಲದೆ ಇನ್ನೊಂದು ಕಾಗದವೂ ಮುಂದೆ ಬರಬಹುದು: ಸಂಶೋಧನೆಯ ಒಪ್ಪಿಗೆ ಪತ್ರ. "ಅವನಿಗೇನು ಗೊತ್ತಾಗುತ್ತೆ, ಕೊಡಿ ಸಾರ್, ನಾನೇ ಸೈನ್ ಹಾಕ್ತೀನಿ" ಅಂತ ಅಣ್ಣನೋ ಅಪ್ಪನೋ ಪೆನ್ನು ತಗೊಳ್ತಾರೆ.

ಹಳೇ ಕಾನೂನೂ ಹೆಚ್ಚುಕಡಿಮೆ ಹೀಗೇ ಇತ್ತು. ಬ್ರಿಟಿಷರ 1912ರ ಕಾಯ್ದೆಯ ಹೆಸರೇ ಲುನಸಿ ಆಕ್ಟ್, ಅಂದರೆ ಹುಚ್ಚಿನ ಕಾಯ್ದೆ. 1987ರ ಕಾಯ್ದೆ ಲಿಖಿತ ಒಪ್ಪಿಗೆ ಕೇಳಿತು. ಆದರೆ ಸಂಶೋಧನೆಯಿಂದ ರೋಗಿಗೇ ನೇರ ಪ್ರಯೋಜನ ಇದ್ದರೆ ಅದೂ ಬೇಕಿರಲಿಲ್ಲ. ಪ್ರಯೋಜನ ಇದೆ ಅಂತ ಹೇಳೋರು ಯಾರು? ಡಾಕ್ಟರೇ!

2017ರ ಕಾಯ್ದೆ ಇದನ್ನು ಬದಲಿಸಿತು. ಮೊದಲು ರೋಗಿಯನ್ನೇ ಕೇಳಬೇಕು. ಅವರಿಂದ ಆಗದಿದ್ದರೆ, ಚಿಕಿತ್ಸೆಯ ಪ್ರಯೋಗಕ್ಕೆ ಮನೆಯವರ ಸಹಿಯೊಂದೇ ಸಾಲದು, ರಾಜ್ಯ ಪ್ರಾಧಿಕಾರದ ಅನುಮತಿ ಬೇಕು. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು.

ಸ್ಕಿಜೋಫ್ರೀನಿಯಾ ಇದ್ದವರಿಗೆ ಏನೂ ತಿಳಿಯಲ್ಲ ಅನ್ನೋದು ತಪ್ಪು. ನಿಧಾನವಾಗಿ ಎರಡು ಮೂರು ಸಲ ಹೇಳಿ, "ಏನು ಅರ್ಥ ಆಯ್ತು, ನೀವೇ ಹೇಳಿ" ಅಂತ ಕೇಳಿದರೆ ಬಹಳ ಜನಕ್ಕೆ ತಿಳಿಯುತ್ತೆ. ಹೇಳಲು ಕಷ್ಟವಾದ ಮಾತು ಒಂದಿದೆ: ಕೆಲವು ಸಂಶೋಧನೆಯಲ್ಲಿ ಯಾರಿಗೆ ಯಾವ ಮಾತ್ರೆ ಅಂತ ಡಾಕ್ಟರು ಆರಿಸಲ್ಲ, ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಇದನ್ನು ಕೇಳಿ "ಬೇಡ" ಅಂದರೂ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ.