ಅಥೆಲಿಂಗನೂ ಬ್ಲಿಷನೂ

ಅಮೆರಿಕದ ವಿಜ್ಞಾನಕಥಾ ಸಾಹಿತ್ಯದಲ್ಲಿ ವಾಚಕನಿಗೆ ಮೊದಲಿನಿಂದಲೂ ಒಂದು ವಿಶೇಷವಾದ ಅಧಿಕಾರವುಂಟು. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕನು ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಸ್ಥಾಪಿಸಿದನು. ಅದರಲ್ಲಿ ವಾಚಕರ ಪತ್ರಗಳಿಗೆಂದು ಕೆಲವು ಪುಟಗಳನ್ನು ಮೀಸಲಿಟ್ಟು, ಬರೆದವರ ಹೆಸರಿನೊಡನೆ ಅವರ ವಿಳಾಸವನ್ನೂ ಅಚ್ಚು ಹಾಕಿಸತೊಡಗಿದನು. ಇದರ ಪರಿಣಾಮವನ್ನು ಆತನೂ ಊಹಿಸಿರಲಾರನು. ವಿಳಾಸ ದೊರೆತ ಮೇಲೆ ವಾಚಕರು ಸಂಪಾದಕನನ್ನು ಬಿಟ್ಟು ತಮ್ಮತಮ್ಮಲ್ಲಿಯೇ ಪತ್ರವ್ಯವಹಾರಕ್ಕೆ ತೊಡಗಿದರು. ಪತ್ರಗಳಿಂದ ಸಂಘಗಳು ಹುಟ್ಟಿದುವು. ಸಂಘಗಳಿಂದ ಸೈಕ್ಲೋಸ್ಟೈಲ್ ಯಂತ್ರದಲ್ಲಿ ಮುದ್ರಿಸಿದ ಸಣ್ಣ ಪತ್ರಿಕೆಗಳು ಹುಟ್ಟಿದುವು. ಪತ್ರಿಕೆಗಳಿಂದ ಜಗಳಗಳು ಹುಟ್ಟಿದುವು. 1939ರ ಜುಲೈ 2ರಂದು ನ್ಯೂಯಾರ್ಕಿನಲ್ಲಿ ನಡೆದ ಮೊದಲನೆಯ ಜಾಗತಿಕ ಸಮ್ಮೇಳನದಲ್ಲಿ, ಎದುರುಪಕ್ಷದ ಆರು ಮಂದಿ ತರುಣರನ್ನು ವ್ಯವಸ್ಥಾಪಕರು ಒಳಕ್ಕೆ ಬಿಡದೆ ಬಾಗಿಲಿನಿಂದಲೇ ಹಿಂದಿರುಗಿಸಿದರು. ಮುಂದಣ ಯುಗದ ಕತೆಗಳನ್ನು ಪ್ರೀತಿಸುವವರ ಪ್ರಥಮ ಸಮಾರಂಭವು ಹೀಗೆ ಹಳೆಯ ಕಾಲದ ಬಹಿಷ್ಕಾರದಿಂದ ಪ್ರಾರಂಭವಾಯಿತು!

ಇಂತಹ ವಾತಾವರಣದಲ್ಲಿ ವಿಮರ್ಶೆಯು ಸೌಮ್ಯವಾಗಿ ಬೆಳೆಯುವುದು ಅಸಂಭವವಾಗಿತ್ತು. 1945ರಲ್ಲಿ ಎ. ಇ. ವ್ಯಾನ್ ವೋಗ್ಟನ ‘ದಿ ವರ್ಲ್ಡ್ ಆಫ್ ನಲ್-ಎ’ ಎಂಬ ಕಾದಂಬರಿಯು ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ವ್ಯಾನ್ ವೋಗ್ಟನು ಆಗ ಕೀರ್ತಿಯ ಶಿಖರದಲ್ಲಿದ್ದವನು. ಇನ್ನೂ ತರುಣನಾಗಿದ್ದ ಡೇಮನ್ ನೈಟ್ ಎಂಬುವನು ಅಭಿಮಾನಿಗಳ ಪತ್ರಿಕೆಯೊಂದರಲ್ಲಿ ಆ ಗ್ರಂಥವನ್ನು ಎಳೆಎಳೆಯಾಗಿ ಬಿಡಿಸಿ, ಕಥಾಬಂಧದ ಬಿರುಕುಗಳನ್ನೂ ಪಾತ್ರಗಳ ಅಸಂಗತವಾದ ನಡೆವಳಿಕೆಯನ್ನೂ ಎತ್ತಿ ತೋರಿಸಿದನು. ತೋರಿಸಿದ ದೋಷಗಳು ಬಹುಮಟ್ಟಿಗೆ ನಿಜವೇ. ಆದರೆ ತರುಣನ ಲೇಖನಿಯು ಅಷ್ಟಕ್ಕೆ ನಿಲ್ಲಲಿಲ್ಲ. ಗ್ರಂಥವನ್ನು ಬಿಟ್ಟು ಗ್ರಂಥಕರ್ತನ ಮೇಲೆ ತಿರುಗಿ, ದೈತ್ಯನೆನಿಸಿಕೊಂಡವನು ಕುಬ್ಜನೆಂದು ಹಂಗಿಸಿತು. ಪ್ರಬಂಧದ ಉಳಿದ ವಿಚಾರವನ್ನು ಮರೆತವರು ಸಹ ಆ ಹಂಗನ್ನು ಮರೆಯಲಿಲ್ಲ. ವಿಮರ್ಶೆಯ ಬೆಲೆಗೆ ಇದರಿಂದ ಆದ ನಷ್ಟವು ಅಲ್ಪವಲ್ಲ.

ನೈಟನ ಸ್ನೇಹಿತನಾದ ಜೇಮ್ಸ್ ಬ್ಲಿಷನು ಹಿಡಿದ ದಾರಿ ಬೇರೆ. ಈತನು 1921ರಲ್ಲಿ ನ್ಯೂಜೆರ್ಸಿ ಸಂಸ್ಥಾನದ ಈಸ್ಟ್ ಆರೆಂಜಿನಲ್ಲಿ ಜನಿಸಿ, ಜೀವಶಾಸ್ತ್ರವನ್ನು ವ್ಯಾಸಂಗ ಮಾಡಿದವನು. ಗುರುವಿನಂತಹ ಮಹಾಗ್ರಹಗಳಿಗೆ ಇಂದು ಖಗೋಳಶಾಸ್ತ್ರಜ್ಞರು ಸಹ ಬಳಸುವ ‘ಗ್ಯಾಸ್ ಜಯಂಟ್’ ಎಂಬ ಹೆಸರು ಈತನ ಕತೆಯೊಂದರಿಂದ ಬಂದುದು. 1952ರಿಂದ ರೆಡ್ ಬಾಗ್ಸ್ ಎಂಬಾತನ ‘ಸ್ಕೈಹುಕ್’ ಪತ್ರಿಕೆಯಲ್ಲಿ ‘ವಿಲಿಯಂ ಅಥೆಲಿಂಗ್ ಜೂನಿಯರ್’ ಎಂಬ ಅಂಕಿತದಿಂದ ವಿಮರ್ಶೆಗಳು ಪ್ರಕಟವಾಗತೊಡಗಿದುವು. ಹಿಂದೆ ಕವಿ ಎಜ್ರಾ ಪೌಂಡನು ಸಂಗೀತವಿಮರ್ಶೆಗಾಗಿ ವಿಲಿಯಂ ಅಥೆಲಿಂಗ್ ಎಂಬ ಹೆಸರನ್ನು ಇಟ್ಟುಕೊಂಡಿದ್ದನು. ಅದಕ್ಕೆ ‘ಜೂನಿಯರ್’ ಎಂಬುದನ್ನು ಸೇರಿಸಿಕೊಂಡವನು ಬ್ಲಿಷನೇ.

ಅಥೆಲಿಂಗನಲ್ಲಿ ದಾಕ್ಷಿಣ್ಯವೆಂಬುದಿಲ್ಲ. ತಿಂಗಳು ತಿಂಗಳು ಬರುವ ಪತ್ರಿಕೆಗಳ ಕತೆಗಳನ್ನು ಎದುರಿಗಿಟ್ಟುಕೊಂಡು ವಾಕ್ಯದ ಮಟ್ಟಕ್ಕೆ ಇಳಿದು ಪರೀಕ್ಷಿಸುತ್ತಾನೆ. ‘ಹೇಳಿದನು’ ಎಂದು ಸುಮ್ಮನೆ ಬರೆಯಬೇಕಾದಲ್ಲೆಲ್ಲ ಗುಡುಗಿದನು, ಸಿಡುಕಿದನು, ಪಿಸುಗುಟ್ಟಿದನು ಎಂದು ಬರೆಯುವ ಚಾಪಲ್ಯವನ್ನು ಲೇವಡಿ ಮಾಡುತ್ತಾನೆ. ಮೊಲವನ್ನೇ ಚಿತ್ರಿಸಿ, ಅದಕ್ಕೆ ‘ಸ್ಮೀರ್ಪ್’ ಎಂದೇನೋ ಒಂದು ಹೆಸರು ಕಟ್ಟಿ, ಅನ್ಯಗ್ರಹದ ಪ್ರಾಣಿಯನ್ನು ಸೃಷ್ಟಿಸಿದೆನೆಂದು ಬೀಗುವ ಲೇಖಕರನ್ನು ಕುರಿತು ಆತನು ಮಾಡಿದ ಪರಿಹಾಸ್ಯವು ಆ ಸಾಹಿತ್ಯದ ಪರಿಭಾಷೆಯಲ್ಲಿಯೇ ಸೇರಿಹೋಗಿದೆ. ಮಾತು ಕಟುವಾದುದೇ, ಆದರೆ ಕಟುತ್ವವು ಬರೆದುದರ ಮೇಲೆ ಬೀಳುತ್ತದೆ, ಬರೆದವನ ಹುಟ್ಟುಗುಣದ ಮೇಲೆ ಬೀಳುವುದು ಅಪರೂಪ. ಅಷ್ಟೇ ಅಲ್ಲ, ಅಥೆಲಿಂಗನು ತನ್ನ ಅಂಕಣದಲ್ಲಿ ಜೇಮ್ಸ್ ಬ್ಲಿಷನ ಕತೆಗಳನ್ನೂ ತಂದು ನಿಲ್ಲಿಸಿ, ಇತರರಿಗೆ ಕೊಟ್ಟ ಏಟನ್ನೇ ಅವಕ್ಕೂ ಕೊಟ್ಟನು. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪರರೆಲೆಯ ನೊಣವನ್ನು ತೋರಿಸುವ ವಿಮರ್ಶಕರೇ ಹೆಚ್ಚಾಗಿರುವ ಲೋಕದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಗುಪ್ತನಾಮದಿಂದ ಸ್ವಪ್ರಶಂಸೆ ಮಾಡಿಕೊಂಡವರ ಪಟ್ಟಿ ಎಲ್ಲ ಭಾಷೆಗಳಲ್ಲಿಯೂ ಉದ್ದವಾಗಿದೆ. ಗುಪ್ತನಾಮದಿಂದ ತನ್ನನ್ನೇ ದಂಡಿಸಿಕೊಂಡವರು ವಿರಳ. ಈ ಲೇಖನಗಳು 1964ರಲ್ಲಿ ‘ದಿ ಇಷ್ಯೂ ಅಟ್ ಹ್ಯಾಂಡ್’ ಎಂಬ ಗ್ರಂಥರೂಪವನ್ನು ತಾಳಿದುವು. ಅಷ್ಟು ಹೊತ್ತಿಗೆ ಬ್ಲಿಷನು ‘ಎ ಕೇಸ್ ಆಫ್ ಕಾನ್ಷೆನ್ಸ್’ ಎಂಬ ಕಾದಂಬರಿಗೆ 1959ರ ಹ್ಯೂಗೋ ಪ್ರಶಸ್ತಿಯನ್ನು ಪಡೆದು ಗಣ್ಯ ಲೇಖಕನಾಗಿದ್ದನು. ಆದರೆ ಗಣ್ಯತೆಯಿಂದ ಹೊಟ್ಟೆ ತುಂಬುವಂತಿರಲಿಲ್ಲ.

1966ರ ಸೆಪ್ಟೆಂಬರ್ 8ರಂದು ಅಮೆರಿಕದ ದೂರದರ್ಶನದಲ್ಲಿ ‘ಸ್ಟಾರ್ ಟ್ರೆಕ್’ ಎಂಬ ಕಥಾಮಾಲೆಯ ಪ್ರದರ್ಶನವು ಪ್ರಾರಂಭವಾಯಿತು. ಬ್ಯಾಂಟಮ್ ಪ್ರಕಾಶನದವರು ಅದರ ಕತೆಗಳನ್ನು ಗದ್ಯರೂಪಕ್ಕೆ ತರುವ ಕೆಲಸವನ್ನು ಬ್ಲಿಷನಿಗೆ ಒಪ್ಪಿಸಿದರು. ಮೊದಲನೆಯ ಸಂಪುಟವು 1967ರ ಜನವರಿಯಲ್ಲಿ ಹೊರಬಿದ್ದಿತು. ಹೀಗೆ ದೃಶ್ಯಕಥೆಯ ಒಡೆಯರ ಅನುಮತಿಯಿಂದ, ಅವರು ಕಲ್ಪಿಸಿದ ಪಾತ್ರಗಳನ್ನೇ ಹಿಡಿದು ಬರೆಯುವ ಪುಸ್ತಕಗಳನ್ನು ಅನುಸಾರಿ ಕಾದಂಬರಿಗಳೆನ್ನಬಹುದು. ಪಂಡಿತರು ಇವನ್ನು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಎಲ್ಲರ ಬರೆವಣಿಗೆಯನ್ನೂ ಒರೆಗೆ ಹಚ್ಚುತ್ತಿದ್ದವನೇ ಇಂತಹ ಕೂಲಿಕೆಲಸಕ್ಕೆ ಕೈಯಿಟ್ಟನಲ್ಲಾ ಎಂಬ ಆಕ್ಷೇಪಕ್ಕೆ ಇಲ್ಲಿ ಎಡೆಯಿತ್ತು. ಬ್ಲಿಷನೂ ಹಣದ ವಿಷಯವನ್ನು ಮುಚ್ಚಿಡಲಿಲ್ಲ. ಕೊನೆಗಾಲದಲ್ಲಿ ತನಗೆ ದೊರೆತ ನೆಮ್ಮದಿಗೆ ಈ ಪುಸ್ತಕಗಳೇ ಆಧಾರವೆಂದು ಒಪ್ಪಿಕೊಂಡನು.

ಪುಸ್ತಕಗಳು ಅಭಿಮಾನಿಗಳ ಕೈಗೆ ಬಂದೊಡನೆ ಚರ್ಚೆಯು ಮೊದಲಾಯಿತು. ಅಂದು ಮನೆಯಲ್ಲಿ ದೃಶ್ಯವನ್ನು ಮುದ್ರಿಸಿಟ್ಟುಕೊಳ್ಳುವ ಯಂತ್ರಗಳಿರಲಿಲ್ಲ. ಒಮ್ಮೆ ತೆರೆಯ ಮೇಲೆ ಕಂಡು ಮಾಯವಾದುದನ್ನು ಮತ್ತೆ ಸವಿಯಬೇಕಾದರೆ, ಮರುಪ್ರದರ್ಶನಕ್ಕೆ ಕಾದಿರಬೇಕು, ಇಲ್ಲವೇ ಬ್ಲಿಷನ ಪುಸ್ತಕವನ್ನು ತೆರೆಯಬೇಕು. ಆತನಾದರೋ ಕಂಪನಿಯು ಕಳುಹಿಸಿದ ಹಸ್ತಪ್ರತಿಗಳನ್ನು ಅನುಸರಿಸಿ ಬರೆದವನು. ಅವುಗಳಲ್ಲಿ ಹಲವು ಅಂತಿಮ ರೂಪಕ್ಕೆ ಮುಂಚಿನ ಕರಡುಗಳು. ಆದುದರಿಂದ ಸಂಭಾಷಣೆಗಳೂ ಸನ್ನಿವೇಶಗಳೂ ತೆರೆಯ ಮೇಲೆ ಕಂಡಂತಿರಲಿಲ್ಲ. ‘ದಿ ಮ್ಯಾನ್ ಟ್ರ್ಯಾಪ್’ ಎಂಬ ಕತೆಗೆ ‘ದಿ ಅನ್‌ರಿಯಲ್ ಮೆಕಾಯ್’ ಎಂಬ ಹೊಸ ಹೆಸರೂ ಬಂದಿತು. ನೆನಪಿನಲ್ಲಿ ಉಳಿದುದು ಸರಿಯೋ, ಅಚ್ಚಿನಲ್ಲಿರುವುದು ಸರಿಯೋ? ವಾಚಕರಿಂದ ಪತ್ರಗಳು ರಾಶಿರಾಶಿಯಾಗಿ ಬಂದುವು. ಸಾಹಿತ್ಯದಲ್ಲಿ ಅಷ್ಟು ಪಳಗಿದವನು ಶಾಲಾಬಾಲಕರ ಪತ್ರಗಳನ್ನು ಬದಿಗೊತ್ತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆತನು ಹಾಗೆ ಮಾಡದೆ, ಮುಂದಿನ ಸಂಪುಟಗಳ ಮುನ್ನುಡಿಗಳಲ್ಲಿ ಅವರ ಮಾತನ್ನೆತ್ತಿ, ಯಾವ ಕತೆಯನ್ನು ಆರಿಸಬೇಕೆಂಬುದರಲ್ಲಿ ಅವರ ಕೋರಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡನು. ಕೂಲಿಗಾಗಿ ಬರೆದರೂ ಓದುವವರನ್ನು ಕೂಲಿಯವರಂತೆ ಕಾಣಲಿಲ್ಲವೆಂಬುದು ಗಮನಾರ್ಹ.

ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯೊಂದು 1968ರ ಎರಡನೆಯ ಸಂಪುಟದಲ್ಲಿ ಒದಗಿತು. ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’ ಎಂಬ ಕತೆಯನ್ನು ಬರೆದವನು ಹಾರ್ಲನ್ ಎಲಿಸನ್. ನಿರ್ಮಾಪಕರು ಅದನ್ನು ಬಹಳವಾಗಿ ತಿದ್ದಿ 1967ರ ಏಪ್ರಿಲ್ 6ರಂದು ಪ್ರದರ್ಶಿಸಿದರು. ಎಲಿಸನ್ ಸಿಡಿದೆದ್ದನು. ಆತನಿಗೂ ಕಥಾಮಾಲೆಯ ಜನಕನಾದ ಜೀನ್ ರಾಡನ್‌ಬೆರಿಗೂ ಹುಟ್ಟಿದ ವೈರವು ದಶಕಗಳ ಕಾಲ ಆರಲಿಲ್ಲ. ವಿಚಿತ್ರವೆಂದರೆ, ಎಲಿಸನ್ನನ ಮೂಲಪ್ರತಿಗೆ ಲೇಖಕರ ಸಂಘದ ಬಹುಮಾನವೂ, ತಿದ್ದಿ ಪ್ರದರ್ಶಿಸಿದ ರೂಪಕ್ಕೆ ಹ್ಯೂಗೋ ಪ್ರಶಸ್ತಿಯೂ ದೊರೆತುವು! ಈ ಇಬ್ಬರ ನಡುವೆ ಬ್ಲಿಷನು ಸಿಕ್ಕಿಕೊಂಡನು. ಯಾರ ಪಕ್ಷವನ್ನು ಹಿಡಿದರೂ ಮತ್ತೊಬ್ಬರಿಗೆ ಅಪಮಾನ. ಆತನು ಎರಡು ರೂಪಗಳನ್ನೂ ಓದಿ, ಎರಡರಲ್ಲಿಯೂ ತನಗೆ ಉತ್ತಮವೆಂದು ತೋರಿದ ಅಂಶಗಳನ್ನು ಕೂಡಿಸಿ ಬರೆದು, ಹಾಗೆ ಮಾಡಿರುವುದನ್ನು ಟಿಪ್ಪಣಿಯೊಂದರಲ್ಲಿ ವಾಚಕರಿಗೆ ತಿಳಿಸಿಬಿಟ್ಟನು. ಕಲಬೆರಕೆಯಿಂದ ಕತೆಯ ಅಂದವು ಹೆಚ್ಚಿತೇ ಎಂಬುದು ಬೇರೆ ಪ್ರಶ್ನೆ. ಹೆಚ್ಚಿತೆಂದು ಧೈರ್ಯವಾಗಿ ಹೇಳುವಂತಿಲ್ಲ. ಮಾಡಿದುದನ್ನು ಮರೆಮಾಚದೆ ಹೇಳಿದುದರಲ್ಲಿ ಮಾತ್ರ ಅಥೆಲಿಂಗನ ಪ್ರಾಮಾಣಿಕತೆಯೇ ಕಾಣುತ್ತದೆ.

1970ನೆಯ ಇಸವಿಯು ಈ ಚರಿತ್ರೆಯಲ್ಲಿ ಒಂದು ಸಂಧಿಕಾಲ. ಆ ವರ್ಷ ಬ್ಲಿಷನ ‘ಸ್ಪಾಕ್ ಮಸ್ಟ್ ಡೈ!’ ಪ್ರಕಟವಾಯಿತು. ಇದು ಹಸ್ತಪ್ರತಿಯ ಅನುಸರಣವಲ್ಲ. ‘ಸ್ಟಾರ್ ಟ್ರೆಕ್’ ಪಾತ್ರಗಳನ್ನು ಹಿಡಿದು ವಯಸ್ಕರಿಗಾಗಿ ರಚಿತವಾದ ಮೊದಲ ಸ್ವತಂತ್ರ ಕಾದಂಬರಿ. ಮನುಷ್ಯನನ್ನು ಅಣುಅಣುವಾಗಿ ಬಿಡಿಸಿ ಬೇರೊಂದೆಡೆ ಕೂಡಿಸುವ ಯಂತ್ರದಿಂದ ಹೊರಬಂದವನು ಮೊದಲಿನವನೇ ಹೌದೇ, ಅವನ ಆತ್ಮದ ಗತಿಯೇನು ಎಂಬ ಜಿಜ್ಞಾಸೆಯಿಂದ ಅದು ಮೊದಲಾಗುತ್ತದೆ; ತರುವಾಯ ಯಂತ್ರದೋಷದಿಂದ ಸ್ಪಾಕನು ಇಬ್ಬರಾಗುತ್ತಾನೆ. ‘ಎ ಕೇಸ್ ಆಫ್ ಕಾನ್ಷೆನ್ಸ್’ ಬರೆದ ಕೈಯೇ ಇದನ್ನೂ ಬರೆಯಿತೆಂಬುದು ಮೊದಲ ಪುಟಗಳಲ್ಲಿ ವ್ಯಕ್ತವಾಗುತ್ತದೆ. ಕೊನೆಯ ಪುಟಗಳಲ್ಲಿ ಅಷ್ಟಾಗಿ ವ್ಯಕ್ತವಾಗುವುದಿಲ್ಲ. ಅದೇ ವರ್ಷ ಅಥೆಲಿಂಗನ ಎರಡನೆಯ ವಿಮರ್ಶಾಸಂಗ್ರಹವೂ ಹೊರಬಂದಿತು. ಕೂಲಿಯ ಕಾದಂಬರಿ, ಕಟುವಾದ ವಿಮರ್ಶೆ, ಎರಡೂ ಒಂದೇ ವರ್ಷದಲ್ಲಿ ಒಬ್ಬನದೇ! ಅದೇ ವರ್ಷವೇ ವ್ಯಾನ್ ವೋಗ್ಟನು ತನ್ನ ಹಳೆಯ ಕಾದಂಬರಿಯನ್ನು ತಿದ್ದಿ ಪ್ರಕಟಿಸಿ, ಅದರ ಮುನ್ನುಡಿಯಲ್ಲಿ ನೈಟನ ಟೀಕೆಯನ್ನು ಹೆಸರೆತ್ತಿ ಪ್ರಸ್ತಾಪಿಸಿ ಉತ್ತರ ಹೇಳಿದನು. ಇಪ್ಪತ್ತೈದು ವರ್ಷಗಳ ಹಿಂದಿನ ಗಾಯವದು. ಆಗ ನೈಟನು ಹಂಗಿಸದೆ ದೋಷಗಳನ್ನು ಮಾತ್ರ ತೋರಿಸಿದ್ದರೆ ಆ ತಿದ್ದುಪಾಟು ಮೊದಲೇ ಆಗುತ್ತಿತ್ತೋ ಏನೋ.

ಅನುಸಾರಿ ಕಾದಂಬರಿಗಳ ಜಗಳವು ಅಲ್ಲಿಗೆ ಮುಗಿಯಲಿಲ್ಲ. 1999ರಲ್ಲಿ ಆರ್. ಎ. ಸಾಲ್ವಟೋರ್ ಎಂಬಾತನು ‘ಸ್ಟಾರ್ ವಾರ್ಸ್’ ಮಾಲೆಯ ‘ವೆಕ್ಟರ್ ಪ್ರೈಮ್’ ಎಂಬ ಕಾದಂಬರಿಯಲ್ಲಿ ಚ್ಯೂಬಾಕಾ ಎಂಬ ಜನಪ್ರಿಯ ಪಾತ್ರವನ್ನು ಸಾಯಿಸಿದಾಗ, ಅಭಿಮಾನಿಗಳ ಕೋಪವೆಲ್ಲ ಲೇಖಕನ ಮೇಲೆಯೇ ಹರಿಯಿತು. ಆ ಮರಣವು ಲೇಖಕನೊಬ್ಬನ ಇಚ್ಛೆಯಲ್ಲ. ಮಾಲೆಯನ್ನು ನಡೆಯಿಸುವವರೆಲ್ಲ ಕೂಡಿ ಮಾಡಿದ ನಿರ್ಧಾರ. 2014ರಲ್ಲಿ ಒಡೆಯರು ಆ ಬಗೆಯ ಪುಸ್ತಕಗಳನ್ನೆಲ್ಲ ಅಧಿಕೃತ ಕಥೆಯಿಂದ ಹೊರಗಿಟ್ಟು, ದಂತಕಥೆಗಳೆಂದು ಹೆಸರಿಟ್ಟರು.

ಬ್ಲಿಷನು 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದನು. ರೋಗವು ಬಲಿತಂತೆ ‘ಸ್ಟಾರ್ ಟ್ರೆಕ್’ ಸಂಪುಟಗಳ ಬರೆವಣಿಗೆಯಲ್ಲಿ ಹೆಂಡತಿ ಜ್ಯೂಡಿತ್ ಲಾರೆನ್ಸಳೂ ಅತ್ತೆಯೂ ನೆರವಾದರು. ಆತನು 1975ರ ಜುಲೈ 30ರಂದು ಹೆನ್ಲಿಯಲ್ಲಿ ತೀರಿಕೊಂಡನು; ಸಮಾಧಿಯು ಆಕ್ಸ್‌ಫರ್ಡಿನ ಹಾಲಿವೆಲ್ ಶ್ಮಶಾನದಲ್ಲಿದೆ. ಆಗ ಹನ್ನೆರಡನೆಯ ಸಂಪುಟವು ಅರ್ಧದಲ್ಲಿ ನಿಂತಿತ್ತು. ಜ್ಯೂಡಿತಳು ಅದನ್ನು ಪೂರ್ತಿಮಾಡಿದಳು. 1977ರಲ್ಲಿ ಅದು ಇಬ್ಬರ ಹೆಸರುಗಳನ್ನೂ ಹೊತ್ತು ಪ್ರಕಟವಾಯಿತು.