ಧಾರವಾಡದ ಬಾಲು, ಮುಂಬೈಯ ಮೈದಾನ



ಭಾನುವಾರ ಬೆಳಿಗ್ಗೆ ಜೋಗೇಶ್ವರಿ ಸ್ಟೇಷನ್ನಿನಿಂದ ಯಾವುದೇ ಗಲ್ಲಿಗೆ ತಿರುಗಿ, ಕ್ರಿಕೆಟ್ ಕಾಣುತ್ತದೆ. ಎರಡು ಇಟ್ಟಿಗೆ ಇಟ್ಟರೆ ಅದೇ ವಿಕೆಟ್. ಚೆಂಡು ಎಲ್ಲರ ವಂತಿಗೆಯದ್ದು. ನೀನು ಯಾವ ಜಾತಿ, ಯಾವ ಧರ್ಮ ಎಂದು ಆ ಹುಡುಗರು ಕೇಳುವುದಿಲ್ಲ. ಆದರೆ ನಮ್ಮ ಮುಂಬೈಯಲ್ಲಿ ಕ್ರಿಕೆಟ್ ದೊಡ್ಡದಾಗಿ ಬೆಳೆದದ್ದೇ ಆ ಪ್ರಶ್ನೆಯ ಮೇಲೆ!

1892ರಲ್ಲಿ ಪಾರ್ಸಿಗಳಿಗೂ ಯುರೋಪಿಯನ್ನರಿಗೂ ಪಂದ್ಯಗಳು ಶುರುವಾದವು. 1907ರಲ್ಲಿ ಹಿಂದೂಗಳು, 1912ರಲ್ಲಿ ಮುಸ್ಲಿಮರು ಸೇರಿದರು. 1937ರಲ್ಲಿ ಉಳಿದವರ ತಂಡವೂ ಬಂದು ಪಂದ್ಯಾವಳಿ 'ಪೆಂಟಾಂಗ್ಯುಲರ್' ಆಯಿತು. ಕುಸ್ತಿ, ಕಬಡ್ಡಿ ನಮ್ಮ ಮಣ್ಣಿನವೇ. ಆದರೆ ಆಳುವವರನ್ನು ಅವರದೇ ಆಟದಲ್ಲಿ ಸೋಲಿಸುವ ಖುಷಿ ಕ್ರಿಕೆಟ್ಟಿನಲ್ಲಿತ್ತು. ಜನ ಅದನ್ನು ಮನೆಯ ಮಾತಾಗಿಸಿಕೊಂಡರು.

ಆ ಖುಷಿ ತಂದವರಲ್ಲಿ ಮುಖ್ಯರು ಧಾರವಾಡದಲ್ಲಿ ಹುಟ್ಟಿದ ಪಲವಣಕರ್ ಬಾಲು. ಚಮ್ಮಾರ ಕುಟುಂಬದವರು. ಪುಣೆಯ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿಗೆ ಪಿಚ್ ಉರುಳಿಸಿ, ನೆಟ್ ಕಟ್ಟುತ್ತಿದ್ದರು. ಅಲ್ಲೇ ಸಾಹೇಬರಿಗೆ ಎಡಗೈ ಸ್ಪಿನ್ ಹಾಕಿ ಹಾಕಿ ಕೈ ಪಳಗಿತು. ಪುಣೆಯ ಹಿಂದೂ ತಂಡ ಅವರನ್ನು ಸೇರಿಸಿಕೊಂಡಿತು, ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಹಿಡಿಯುತ್ತಿದ್ದರು, ಅವರು ಮುಟ್ಟಿದ ಲೋಟವನ್ನಲ್ಲ.

ಮುಂಬೈಗೆ ಬಂದ ಬಾಲು ಬಿ.ಬಿ.ಸಿ.ಐ. ರೈಲ್ವೆಯಲ್ಲಿ ಕೆಲಸಕ್ಕಿದ್ದರು. ಇಂದು ನಾವು ಜೋಗೇಶ್ವರಿಯಿಂದ ಚರ್ಚ್‌ಗೇಟ್‌ಗೆ ಜೋತುಬಿದ್ದು ಹೋಗುವ ಪಶ್ಚಿಮ ರೈಲ್ವೆ ಅದರದೇ ಮುಂದುವರಿಕೆ. 1906ರಲ್ಲಿ ಯುರೋಪಿಯನ್ನರನ್ನು ಹಿಂದೂ ತಂಡ 109 ರನ್ನುಗಳಿಂದ ಸೋಲಿಸಿದಾಗ ಅವರೂ ಆ ತಂಡದಲ್ಲಿದ್ದರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಹೆಚ್ಚು ವಿಕೆಟ್ ಕಿತ್ತರು.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ತಮ್ಮಂದಿರಾದ ಶಿವರಾಮ್, ವಿಠಲ್ ಇದು ಜಾತಿಯ ಅನ್ಯಾಯವೆಂದು ಬಹಿರಂಗವಾಗಿಯೇ ಹೇಳಿ ತಂಡದಿಂದ ಹೊರಬಂದರು. ಪತ್ರಿಕೆಗಳಲ್ಲಿ, ಜನರ ಬಾಯಲ್ಲಿ ಅದೇ ಚರ್ಚೆ. ಕೊನೆಗೆ 1923ರಲ್ಲಿ ವಿಠಲ್ ನಾಯಕರಾದರು. ಆ ವರ್ಷ ಕಪ್ಪೂ ಗೆದ್ದರು. ನಾಯಕನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸಿದರು. ಹೊರಗೆ ಚಹಾ ಕುಡಿದ ಅಣ್ಣನ ತಮ್ಮನನ್ನು!

ಮತದ ಹೆಸರಿನ ಪಂದ್ಯಾವಳಿಯನ್ನು 1940ರಲ್ಲಿ ಗಾಂಧೀಜಿ ವಿರೋಧಿಸಿದರು. 1946ರಲ್ಲಿ ಅದು ನಿಂತಿತು. ಆಟ ನಿಲ್ಲಲಿಲ್ಲ, ಗಲ್ಲಿಗಲ್ಲಿಗೂ ಬಂತು.

ನಿಮ್ಮ ಮನೆಯ ಹಿರಿಯರು ಪೆಂಟಾಂಗ್ಯುಲರ್ ಕಾಲದ ಕಥೆ ಹೇಳಿದ್ದುಂಟೇ? ಒಂದು ಕಾರ್ಡು ಬರೆದು ಹಾಕಿ, ಕನ್ನಡ ಕಾರ್ಯಕ್ರಮದಲ್ಲಿ ಓದುತ್ತೇನೆ.